ನಾಯಿಗೆ ತಂದ ಪೌಡರು

ನಾಯಿಗಳು ಇನ್ನೂ ಮಾತು ಬಿಟ್ಟಿರದ ಕಾಲದಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಒಬ್ಬಳೇ ಮಗಳು, ಆ ಮಗಳಿಗೆ ಒಂದು ಮೂಗು. ಮೂಗು ಎಲ್ಲರಿಗೂ ಇರುತ್ತದಲ್ಲ ಎಂದು ಚಿಕ್ಕಂದಿನಲ್ಲಿ ಕಥೆ ಕೇಳುತ್ತಿದ್ದ ಮೊಮ್ಮಗಳು ತಗಾದೆ ತೆಗೆದರೆ ಅಜ್ಜಿ, "ಇರುತ್ತೆ ಕಣೇ, ನಮ್ಮದೆಲ್ಲ ಉಸಿರಾಡೋಕೆ, ಅವಳದು ತೀರ್ಪು ಕೊಡೋಕೆ" ಎನ್ನುತ್ತಿದ್ದಳು. ಏಳು ಕೋಣೆಗಳಾಚೆ ನಿಂತ ಅಡುಗೆಯವನ ಬೆವರು, ಮಂತ್ರಿಯ ಪೇಟದೊಳಗಿನ ಜಿಡ್ಡು, ಸುಳ್ಳು ಹೇಳಿ ಬಂದವರ ಬಾಯಿ, ಎಲ್ಲವೂ ಆ ಮೂಗಿಗೆ ತಿಳಿಯುತ್ತಿತ್ತು. ತಿಳಿದ ಕೂಡಲೇ ಅವರಿಗೆ ಅರಮನೆಯ ಬಾಗಿಲು ತೋರಿಸಲಾಗುತ್ತಿತ್ತು. ಮೊದಲು ಅಡುಗೆಯವನು ಹೋದ, ಆಮೇಲೆ ಮಂತ್ರಿ, ಆಮೇಲೆ ಹಾಲು ಕುಡಿಸಿ ಸಾಕಿದ ದಾಯಿ. ದಾಯಿ ಗಂಟುಮೂಟೆ ಕಟ್ಟುವಷ್ಟರಲ್ಲಿ ಮೊಮ್ಮಗಳಿಗೆ ನಿದ್ದೆ ಬಂದುಬಿಡುತ್ತಿತ್ತು. ಕಥೆಯ ಕೊನೆಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ, ಕೇಳಬೇಕು ಅನ್ನಿಸಿರಲೂ ಇಲ್ಲ. ಅಂಥ ಮೂಗಿದ್ದವಳಿಗೆ ಕೆಟ್ಟದಾಗುವುದುಂಟೆ? ಆ ರಾಜಕುಮಾರಿ ತಾನೇ ಎಂದು ಫ್ರಾಕು ತೊಡುವ ವಯಸ್ಸಿನಲ್ಲೇ ತೀರ್ಮಾನವಾಗಿತ್ತು. ಈಗ ಬೇರೆಯವರ ನಾಯಿಗಳ ಕೊಳೆಯಲ್ಲಿ ಮೊಣಕೈವರೆಗೆ ಕೈ ಅದ್ದಿ ನಿಂತಿರುವಾಗಲೂ ಆ ತೀರ್ಮಾನವನ್ನು ಬದಲಿಸುವಂಥ ಕಾರಣ ಅವಳಿಗೆ ಸಿಕ್ಕಿರಲಿಲ್ಲ.

ನಾಯಿಗಳಿಗೆ ಸ್ನಾನ ಮಾಡಿಸುವ ಆ ಅಂಗಡಿಯ ಮುಂಭಾಗಕ್ಕೆ ಗಾಜಿತ್ತು, ಸೋಫಾ ಇತ್ತು, ಗೋಡೆಯ ಮೇಲೆ ಕೊರಳಿಗೆ ಬೋ ಕಟ್ಟಿಸಿಕೊಂಡು ಮನುಷ್ಯರಂತೆ ನಗುವ ನಾಯಿಗಳ ಚಿತ್ರಗಳಿದ್ದವು. ಹಿಂಭಾಗದ ಈ ಕೋಣೆಗೆ ಕಿಟಕಿ ಕೂಡ ಇರಲಿಲ್ಲ. ಎರಡು ಸ್ಟೀಲ್ ತೊಟ್ಟಿ, ಕೊಳವೆ, ಗುಡುಗುವ ಡ್ರೈಯರು, ಮೋರಿಯ ಜಾಲರಿಯಲ್ಲಿ ಸತ್ತ ಇಲಿಯಂತೆ ಮುದ್ದೆಗಟ್ಟಿದ ಕೂದಲು. ಅಂಗಡಿಯ ಒಡತಿ ಗುಲಾಬಿ ಬಣ್ಣದ ಏಪ್ರನ್ನಿನಲ್ಲೇ ಹುಟ್ಟಿದವಳಂತಿದ್ದಳು. ಹಿಂದಿನಿಂದ ಎಲ್ಲರೂ ಅವಳನ್ನು ಗುಲಾಬಿ ಎನ್ನುತ್ತಿದ್ದರು, ಎದುರಿಗೆ ಮೇಡಂ. ನಾಯಿಗಳನ್ನು ಅವಳು 'ಮಕ್ಕಳು' ಎಂದು ಕರೆಯುತ್ತಿದ್ದಳು, ಕೆಲಸದವರನ್ನು 'ಏಯ್' ಎಂದು. ಕೂದಲು ಕತ್ತರಿಸುವವನಿಗೆ ಕತ್ತರಿ ಎಂದೇ ಹೆಸರು. ಅವನು ಇಡೀ ದಿನ ತನ್ನ ಮದುವೆಯಾಗದ ದುಃಖವನ್ನು ಮೇಜಿನ ಮೇಲೆ ನಿಂತ ನಾಯಿಗಳಿಗೆ ಹೇಳಿಕೊಳ್ಳುತ್ತಿದ್ದ, ಅವು ಕೇಳುತ್ತ ಕೇಳುತ್ತ ನಡುಗುತ್ತಿದ್ದವು. ಇವರ ನಡುವೆ ತಾನು ಹೇಗೆ ಬಂದು ಬಿದ್ದೆ ಎಂದು ಅವಳಿಗೆ ದಿನಕ್ಕೊಮ್ಮೆ ಆಶ್ಚರ್ಯವಾಗುತ್ತಿತ್ತು. ಹಾಗೆ ಆಶ್ಚರ್ಯಪಡುವುದು ಒಂದು ಬಗೆಯ ವಿಶ್ರಾಂತಿಯೂ ಆಗಿತ್ತು.

"ಏಯ್, ಇಲ್ಲಿ ನೋಡು," ಎಂದು ಗುಲಾಬಿ ಪರದೆ ಸರಿಸಿ ಒಂದು ಗುಂಗುರು ಕೂದಲಿನ ಪುಟ್ಟ ನಾಯಿಯನ್ನು ತೋಳಿನ ಮೇಲೆ ಟವೆಲಿನಂತೆ ಹಾಕಿಕೊಂಡು ಬಂದಳು. ಹಿಂದೆ ಅದರ ಯಜಮಾನಿ, ತಂಪು ಕನ್ನಡಕವನ್ನು ತಲೆಯ ಮೇಲೇರಿಸಿದವಳು, ಕೈಯಲ್ಲಿ ಒಂದು ಔಷಧಿ ಶಾಂಪೂ ಬಾಟಲಿ. ನಾಯಿ ಬಾಗಿಲಲ್ಲಿರುವಾಗಲೇ ತೊಟ್ಟಿಯ ಬಳಿ ನಿಂತಿದ್ದ ಅವಳ ಮೂಗಿಗೆ ಗೊತ್ತಾಗಿತ್ತು: ಮುಚ್ಚಿದ ಡಬ್ಬಿಯಲ್ಲಿ ಮರೆತುಹೋದ ಬ್ರೆಡ್ಡು, ಅದರ ಮೇಲೆ ಒದ್ದೆ ಸಾಕ್ಸು. ಯೀಸ್ಟ್, ಚರ್ಮಕ್ಕೆ ಹಿಡಿಯುವ ಬೂಷ್ಟು. ಹೊಟ್ಟೆಯ ಅಡಿ ಕೆಂಪಾಗಿತ್ತು, ಕಂಕುಳಲ್ಲಿ ಚರ್ಮ ಕಪ್ಪಗೆ ದಪ್ಪಗಾಗಿ ಹಳೆಯ ಚೀಲದಂತಾಗಿತ್ತು, ನೆಕ್ಕಿ ನೆಕ್ಕಿ ಪಾದಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು.

"ಡಾಕ್ಟರು ಇದನ್ನ ಹಚ್ಚಿ ನೊರೆ ಹತ್ತು ನಿಮಿಷ ಮೈಮೇಲೇ ಬಿಡಬೇಕು ಅಂದಿದಾರೆ. ಮರೀಬೇಡಿ ಆಯ್ತಾ? ಪಾಪ, ರಾತ್ರಿಯಿಡೀ ಕೆರ್ಕೊಳುತ್ತೆ."

"ಅಯ್ಯೋ ಮೇಡಂ, ಹತ್ತು ಯಾಕೆ, ಹನ್ನೆರಡು ಬಿಡ್ತೀವಿ. ನಮ್ಮ ಮಗೂನೇ ಅಲ್ವಾ ಇದು!" ಎಂದಳು ಗುಲಾಬಿ. ಕನ್ನಡಕದವಳು ಸೋಫಾಕ್ಕೆ ಹೋಗಿ ಫೋನಿನೊಳಗೆ ಇಳಿದಳು. ಪರದೆ ಬಿದ್ದದ್ದೇ ಗುಲಾಬಿಯ ದನಿ ಬೇರೆಯಾಯಿತು. "ಎರಡು ನಿಮಿಷ. ಹೊರಗೆ ಮೂವರು ಕೂತಿದಾರೆ. ಪೌಡರು ಸ್ವಲ್ಪ ಜಾಸ್ತಿ ಹಾಕು."

"ಹನ್ನೆರಡರಲ್ಲಿ ಹತ್ತು ಕಳೆದ್ರೆ ಎರಡೇ ಅಲ್ವಾ, ಲೆಕ್ಕ ಸರಿಯಾಗೇ ಇದೆ," ಎಂದ ಕತ್ತರಿ, ತಲೆಯೆತ್ತದೆ.

ಅವಳು ನಗಲಿಲ್ಲ. ನಕ್ಕರೆ ಇವರ ಗುಂಪಿಗೆ ಸೇರಿದಂತಾಗುತ್ತಿತ್ತು. ನೊರೆ ಹಚ್ಚಿದಳು, ನೊರೆ ಮೋಡವಾಯಿತು, ಮೋಡದೊಳಗೆ ಒಂದು ಉಪ್ಪರಿಗೆ, ಉಪ್ಪರಿಗೆಯಲ್ಲಿ ಗಾಳಿಗೆ ಮುಖವೊಡ್ಡಿದ ರಾಜಕುಮಾರಿ. ಮೋಡದ ಕೆಳಗೆ ಪುಟ್ಟ ಎದೆಯೊಂದು ಗಡಿಯಾರಕ್ಕಿಂತ ಬೇಗ ಬಡಿದುಕೊಳ್ಳುತ್ತಿತ್ತು. ನಾಯಿ ಅವಳ ಮುಖವನ್ನೇ ನೋಡುತ್ತಿತ್ತು. ಎಂಥ ದಡ್ಡ ಪ್ರಾಣಿ, ಯಾರ ಮೇಲೆ ನಂಬಿಕೆ ಇಡಬೇಕು ಎಂಬಷ್ಟೂ ತಿಳಿಯದೆ! ಅವಳು ಕೊಳವೆ ಎತ್ತಿದಳು. ಔಷಧಿ ತನ್ನ ಕೆಲಸ ಶುರುಮಾಡುವ ಮೊದಲೇ ಮೋರಿಗೆ ಇಳಿದುಹೋಯಿತು. ಆಮೇಲೆ ಪೌಡರು. ಡಬ್ಬಿಯ ಮೇಲೆ ಕಿರೀಟ ಇಟ್ಟುಕೊಂಡ ಬಿಳಿ ನಾಯಿಯ ಚಿತ್ರ, ಒಳಗೆ ಕಣ್ಣಿಗೆ ನೀರು ಬರಿಸುವ ಮಲ್ಲಿಗೆ. ನಿಜವಾದ ಮಲ್ಲಿಗೆಗೆ ಇದನ್ನು ತೋರಿಸಿದರೆ ಮಾನನಷ್ಟ ಮೊಕದ್ದಮೆ ಹಾಕೀತು. ಅಂತೂ ಬ್ರೆಡ್ಡಿನ ವಾಸನೆ ಎರಡು ದಿನ ಅದರ ಕೆಳಗೆ ಬಾಯಿ ಮುಚ್ಚಿಕೊಂಡಿರುತ್ತಿತ್ತು. "ಆಹಾ, ಎಷ್ಟು ಘಮ!" ಎಂದು ಹೊರಗೆ ಕನ್ನಡಕದವಳು ನಾಯಿಯ ನೆತ್ತಿಗೆ ಮುತ್ತಿಟ್ಟದ್ದು ಕೇಳಿಸಿತು. ಇಂಥ ಮೂಗುಗಳಿಗೆ ಇಂಥ ಅಂಗಡಿಯೇ ಸರಿ ಎಂದುಕೊಂಡು ಅವಳು ಜಾಲರಿಯ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಬಿಸಾಡಿದಳು.

ಅದೇ ಪೌಡರಿನ ಡಬ್ಬಿಯೊಂದನ್ನು ತಿಂಗಳ ಹಿಂದೆ ಮನೆಗೂ ಒಯ್ದಿದ್ದಳು. ಮನೆಯಲ್ಲಿದ್ದ ನಾಯಿಯ ಹೆಸರು ಹತ್ತಿ. ಬಂದಾಗ ಹತ್ತಿಯಂತೆಯೇ ಇತ್ತು, ಈಗ ಹಳೆಯ ದಿಂಬಿನೊಳಗಿನ ಹತ್ತಿ. ಅದು ಅಜ್ಜಿಯ ನಾಯಿ. ಅಜ್ಜಿಯ ತೊಡೆ, ಅಜ್ಜಿಯ ಕಾಲ ಮೇಲಿನ ಕಂಬಳಿ, ಅಜ್ಜಿಯ ಕುರ್ಚಿಯ ಕೆಳಗಿನ ನೆರಳು, ಇಷ್ಟೇ ಅದರ ಭೂಗೋಳ. ಅಲ್ಲೆಲ್ಲ ಈಗ ಒಂದೇ ವಾಸನೆ, ಅದೇ ಬ್ರೆಡ್ಡಿನದು. "ಊರ ನಾಯಿಗಳನ್ನೆಲ್ಲ ತೊಳೀತೀಯಂತೆ, ನಮ್ಮದನ್ನ ಒಂದ್ಸಲ ತೊಳಿಯೇ ಮಗಳೇ, ಪಾಪ ಕೆರ್ಕೊಂಡು ಕೆರ್ಕೊಂಡು ಸಾಯ್ತಿದೆ," ಎಂದು ಅಜ್ಜಿ ಕೇಳಿದಾಗ ಅವಳು, "ತೊಳೀತೀನಿ ಅಜ್ಜಿ, ದೇವರಾಣೆ," ಎಂದಿದ್ದಳು. ಆಣೆಗಳನ್ನು ಅವಳು ಬಿಡಿ ಹೂವಿನಂತೆ ಹಂಚುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ನಾಯಿ ತೊಳೆದು ಬಂದವಳು ಮನೆಯಲ್ಲಿ ಮತ್ತೊಂದು ನಾಯಿ ತೊಳೆಯಬೇಕೆ, ರಾಜಕುಮಾರಿಯೆಂದರೆ ಏನೆಂದುಕೊಂಡಿದ್ದಾರೆ ಇವರೆಲ್ಲ? ಆದರೂ ಒಂದು ಸಲ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋಗಿದ್ದಳು, ಅಷ್ಟು ಮಾಡಿದರೆ ಆಣೆಯ ಅರ್ಧ ತೀರಿತು ಎಂಬ ಎಣಿಕೆಯಲ್ಲಿ. ಡಾಕ್ಟರು ಹತ್ತಿಯ ಕಂಕುಳಿಗೆ ಪಾರದರ್ಶಕ ಟೇಪು ಅಂಟಿಸಿ ಕಿತ್ತು, ಬಣ್ಣ ಹಾಕಿ, ಸೂಕ್ಷ್ಮದರ್ಶಕದೊಳಗೆ ಇಣುಕಿ, "ಈ ಯೀಸ್ಟ್ ಎಲ್ಲ ನಾಯಿ ಮೈಮೇಲೂ ಒಂದಿಷ್ಟು ಇರುತ್ತೆ. ಇಲ್ಲಿ ಊರೇ ಕಟ್ಕೊಂಡಿದೆ," ಎಂದರು. ವಾರಕ್ಕೆ ಎರಡು ಸಲ ಈ ಶಾಂಪೂ, ಉಗುರುಬೆಚ್ಚಗಿನ ನೀರು, ನೊರೆ ಹತ್ತು ನಿಮಿಷ ಮೈಮೇಲೆ ಇರಲಿ, ಆಮೇಲೆ ಬೆರಳಿನ ಸಂದಿಯೂ ಬಿಡದೆ ಒಣಗಿಸಬೇಕು, ಒಂದೆರಡು ಸಲಕ್ಕೆ ಹೋಗಲ್ಲ, ವಾರಗಟ್ಟಲೆ ಮಾಡಬೇಕು, ಪೌಡರು ಸೆಂಟು ಏನೂ ಬೇಡ. "ನೀವೇನು ಕೆಲಸ ಮಾಡ್ಕೊಂಡಿದೀರಿ?" ಎಂದು ಸುಮ್ಮನೆ ಕೇಳಿದರು, ಕೈ ತೊಳೆಯುತ್ತ. ಅವಳು ಹೇಳಿದಳು. ಡಾಕ್ಟರು ಒಂದು ಕ್ಷಣ ನಲ್ಲಿ ನಿಲ್ಲಿಸಿ ಅವಳನ್ನೂ ನಾಯಿಯನ್ನೂ ನೋಡಿ, "ಓ," ಎಂದರು. ಆ ಒಂದಕ್ಷರವನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ. ಕೋಟಿನ ತೋಳು ಮಾಸಿದ ಡಾಕ್ಟರು ತನ್ನನ್ನು ಅಳೆಯುವುದೆಂದರೆ! ಬಾಟಲಿ ಅಂದಿನಿಂದ ಬಚ್ಚಲಿನ ಗೂಡಿನಲ್ಲಿ ಮುಚ್ಚಳದ ಸೀಲು ಒಡೆಯದೆ ಕೂತಿತ್ತು. ಅದರ ಬದಲಿಗೆ ಪೌಡರಿನ ಡಬ್ಬಿ ಅಜ್ಜಿಯ ಕೈಗೆ ಬಂತು. "ದಿನಾ ಇಷ್ಟು ಹಾಕು, ಸಾಕು." ಅಜ್ಜಿ ಡಬ್ಬಿಯನ್ನು ತಿರುಗಿಸಿ ಕಿರೀಟದ ನಾಯಿಯನ್ನು ನೋಡಿ ನಕ್ಕಿದ್ದಳು. "ಆಹಾ, ಯಾವ ಊರ ರಾಣಿಯಮ್ಮ ಇವಳು?"

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ನಾಳೆ ಭಾನುವಾರ ಎಂಬುದು ಕಾಲಿಗೆ ತೊಡರಿತು. ಅಣ್ಣ ಗಡುವು ಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಹತ್ತಿಯನ್ನು ಊರಾಚೆಯ ನಾಯಿಗಳ ಆಶ್ರಯಕ್ಕೆ ಬಿಟ್ಟುಬರುತ್ತೇನೆ, ಈ ಗಬ್ಬಿನಲ್ಲಿ ಊಟ ಮಾಡೋಕಾಗಲ್ಲ, ಅಜ್ಜಿಗೆ ನೀನೇ ಹೇಳು. ಅಣ್ಣ ಕಿಟಕಿಗಳ ಚೌಕಟ್ಟು ಮಾರುವವನು. ಮನೆಯಲ್ಲೂ ಅವನ ಮುಖ್ಯ ಕೆಲಸ ಕಿಟಕಿ ತೆರೆಯುವುದೇ ಆಗಿತ್ತು. ಅಜ್ಜಿ ಹತ್ತಿಯನ್ನು ಎತ್ತಿಕೊಂಡು ಹಜಾರಕ್ಕೆ ಬಂದರೆ ಸಾಕು, ಏನೂ ಹೇಳದೆ ಎದ್ದು ಕಿಟಕಿ ತೆರೆದು, ಕುರ್ಚಿಯನ್ನು ಅಷ್ಟು ದೂರ ಎಳೆದುಕೊಳ್ಳುತ್ತಿದ್ದ. ಅಮ್ಮ ಗೋಡೆಯ ಕಡೆ ನೋಡುತ್ತ ಗಾಳಿಗೆ ಸ್ಪ್ರೇ ಹೊಡೆಯುತ್ತಿದ್ದಳು, ಗಾಳಿಗೂ ತನಗೂ ಮಾತ್ರ ಸಂಬಂಧಿಸಿದ ವಿಷಯ ಎಂಬಂತೆ. ಎಷ್ಟು ಸಣ್ಣ ಜನ! ಒಬ್ಬರಿಗೂ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ತಾನು ಕೂಡ ಊಟದ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳಲ್ಲ? ಅದು ಬೇರೆ. ಅವಳು ಹೋಗುತ್ತಿದ್ದದ್ದು ಯೋಚನೆಗಳ ಜೊತೆಗಿರುವುದಕ್ಕೆ.

ಹಜಾರದಲ್ಲಿ ಅಜ್ಜಿ ಆಗಲೇ ಕೂತಿದ್ದಳು. ಎಂದಿನ ಕುರ್ಚಿಯಲ್ಲಲ್ಲ, ಬಾಗಿಲ ಪಕ್ಕದ ಮುಕ್ಕಾಲಿಯ ಮೇಲೆ, ಎಲ್ಲರಿಂದ ದೂರ, ಬಸ್ಸಿಗೆ ಕಾಯುವವಳಂತೆ. ಹತ್ತಿ ಅವಳ ಜೊತೆಗಿರಲಿಲ್ಲ, ಒಳಗಿನ ಕೋಣೆಯಲ್ಲಿ ಕೆರೆದುಕೊಳ್ಳುತ್ತಿದ್ದ ಸದ್ದು ಬರುತ್ತಿತ್ತು. ಅಣ್ಣ ಕಿಟಕಿಯ ಬಳಿ, ಅಮ್ಮ ಅಡುಗೆಮನೆಯಲ್ಲಿ. "ಬಂದ್ಯಾ ಮಗಳೇ," ಎಂದು ಅಜ್ಜಿ ಕೈ ಚಾಚಿದಳು, ಚಾಚಿ ಏನೋ ನೆನಪಾದಂತೆ ಹಿಂದಕ್ಕೆಳೆದುಕೊಂಡಳು. ಅವಳು ಚೀಲ ಇಳಿಸಲು ಬಗ್ಗಿದಳು. ಬಗ್ಗಿದಾಗ ಮೂಗಿಗೆ ಮಲ್ಲಿಗೆ ಬಡಿಯಿತು. ಅಂಗಡಿಯ ಮಲ್ಲಿಗೆ. ತನ್ನ ಬಟ್ಟೆಗೇ ಅಂಟಿಕೊಂಡಿರಬೇಕು ಎಂದುಕೊಂಡಳು. ಇಲ್ಲ, ಅದು ಬರುತ್ತಿದ್ದದ್ದು ಅಜ್ಜಿಯ ಕತ್ತಿನಿಂದ. ಕತ್ತಿನ ಸುಕ್ಕುಗಳ ನಡುವೆ ಬೆಳ್ಳಗೆ ಗೆರೆಗೆರೆಯಾಗಿ, ಕುಪ್ಪಸದ ತೋಳಿನ ಅಂಚಿಗೆ ಹಿಟ್ಟಿನಂತೆ, ಕಿವಿಯ ಹಿಂದೆ, ಮಣಿಕಟ್ಟಿನಲ್ಲಿ. ಬ್ರೆಡ್ಡಿನ ವಾಸನೆ ಅದರ ಕೆಳಗಿತ್ತು, ಸೀರೆಗೆ ಅಂಟಿದ್ದು, ಆದರೆ ಮೈಗೆ ಮೈಯೇ ಪೌಡರು.

"ಅಜ್ಜಿ, ಆ ಪೌಡರು ಯಾರಿಗೆ ಹಾಕ್ತಿದೀಯ?"

"ಯಾರಿಗೆ ಅಂದ್ರೆ? ನೀನೇ ಕೊಟ್ಟಿದ್ದಲ್ವಾ."

"ನಾಯಿಗೆ ಕೊಟ್ಟಿದ್ದು."

"ಅದಕ್ಕೂ ಹಾಕ್ದೆ," ಎಂದು ಅಜ್ಜಿ ದನಿ ಇಳಿಸಿದಳು, ಅಣ್ಣನ ಕಡೆಗೊಮ್ಮೆ ನೋಡಿ. "ನನಗೆ ಗೊತ್ತಾಗಲ್ಲವೇ. ಆ ಜ್ವರ ಬಂದು ಹೋದಾಗಿಂದ ಮೂಗು ಸತ್ತಿದೆ, ಹೂವೂ ಒಂದೇ ಹುಳಿನೂ ಒಂದೇ. ಆದ್ರೆ ಕಣ್ಣಿದೆಯಲ್ಲ. ನಾನು ಬಂದ್ರೆ ಕಿಟಕಿ ತೆಗೀತಾರೆ. ನಿಮ್ಮಮ್ಮ ಅದೇನೋ ಹೊಡೀತಾಳೆ. ನೀನು ತಟ್ಟೆ ತಗೊಂಡು ಒಳಗೆ ಹೋಗ್ತೀಯ. ಹಳೇ ಮೈ, ವಾಸನೆ ಬರದೆ ಇನ್ನೇನು? ಎರಡು ಹೊತ್ತು ಸ್ನಾನ ಮಾಡಿದ್ರೂ ನೀವು ಹಾಗೇ ಮಾಡಿದ್ರಿ. ಆಮೇಲೆ ಡಬ್ಬಿ ತಂದುಕೊಟ್ಟೆ. ನಾಯಿ ಚಿತ್ರ ಇರೋದು ತಂದ್ರೆ ಅಜ್ಜಿಗೆ ಬೇಜಾರಾಗಲ್ಲ ಅಂತ ಉಪಾಯ ಮಾಡಿದಾಳೆ, ಜಾಣೆ, ಅಂದ್ಕೊಂಡೆ."

ಅಣ್ಣನ ಫೋನು ಏನೋ ಹಾಡುತ್ತಿತ್ತು. ಅವನಿಗೆ ಕೇಳಿಸಿರಲಿಲ್ಲ. ಅವಳಿಗೆ ಮೊದಲು ಬಂದದ್ದು ನಗು. "ಅದು ನಿನ್ನದಲ್ಲ ಅಜ್ಜಿ, ಹತ್ತೀದು," ಎಂದಳು.

"ಹೋಗೇ. ಇಷ್ಟು ದಿನ ಸುಮ್ನಿದ್ದು ಈಗ ಆ ಬಾಯಿಲ್ಲದ ಪ್ರಾಣಿ ಮೇಲೆ ಹಾಕ್ತೀಯ?" ಅಜ್ಜಿ ಕೋಪಿಸಿಕೊಂಡಿರಲಿಲ್ಲ. ಅದೇ ಕೆಟ್ಟದ್ದು. ಸಮಾಧಾನ ಮಾಡುವವರಿಗೆ ಸಮಾಧಾನ ಮಾಡುವ ದನಿಯಲ್ಲಿ ಹೇಳುತ್ತಿದ್ದಳು. "ವಯಸ್ಸಾದೋರ ಮೈ ಅಂದ್ರೆ ಅಷ್ಟೇ. ನಮ್ಮತ್ತೆ ಹತ್ತಿರ ಹೋಗುವಾಗ ನಾನೂ ಉಸಿರು ಹಿಡಿದಿದ್ದೆ."

ಏಳು ಕೋಣೆಗಳಾಚೆಯ ಬೆವರನ್ನು ಹಿಡಿಯುವ ಮೂಗು. ಆ ಮೂಗಿಗೆ ದಿನವೂ ಎದುರಿಗೆ ಕೂರುತ್ತಿದ್ದ ಅಜ್ಜಿಯ ಕತ್ತಿನ ಮೇಲೆ ಬೀಳುತ್ತಿದ್ದ ಪೌಡರು ಸಿಕ್ಕಿರಲಿಲ್ಲ, ಏಕೆಂದರೆ ಮೂಗು ಹತ್ತಿರ ಹೋಗಿಯೇ ಇರಲಿಲ್ಲ, ತಟ್ಟೆ ಎತ್ತಿಕೊಂಡು ಯೋಚನೆಗಳ ಜೊತೆಗಿರಲು ಹೋಗಿತ್ತು. ಗುಲಾಬಿಯನ್ನು, ಕನ್ನಡಕದವಳನ್ನು, ಮಾಸಿದ ತೋಳಿನ ಡಾಕ್ಟರನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದ ಆ ಹಳೆಯ ನೋಟ ಹೊರಡಲು ಸಿದ್ಧವಾಗಿಯೇ ಇತ್ತು. ಈ ಸಲ ಎದುರಿಗೆ ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಗುಲಾಬಿಯಾದರೂ ಪರದೆಯ ಹಿಂದೆ ನಿಂತು ಮೋಸ ಮಾಡುತ್ತಾಳೆ. ಇವಳು ಮಾಡಿದ್ದು ಪ್ರೀತಿಯ ನಡುಮನೆಯಲ್ಲಿ.

"ಏಳು," ಎಂದಳು. "ಬಚ್ಚಲಿಗೆ ಬಾ."

"ನನ್ನ ತೊಳೀತೀಯಾ?"

"ಹತ್ತೀನ. ನೀನು ಹಿಡ್ಕೋಬೇಕು. ನನ್ನ ಹತ್ರ ನಿಲ್ಲಲ್ಲ ಅದು." ಸುಳ್ಳು. ನಾಯಿಗಳು ಅವಳ ಬಳಿ ಕಲ್ಲಿನಂತೆ ನಿಲ್ಲುತ್ತಿದ್ದವು.

ಸೀಲು ಒಡೆಯಿತು. ಉಗುರುಬೆಚ್ಚಗಿನ ನೀರು, ಪ್ಲಾಸ್ಟಿಕ್ ಟಬ್ಬು, ಮುಕ್ಕಾಲಿಯ ಮೇಲೆ ಅಜ್ಜಿ, ಅಜ್ಜಿಯ ಎರಡು ಕೈಗಳ ನಡುವೆ ಒದ್ದೆಯಾಗಿ ಅರ್ಧಕ್ಕರ್ಧ ಕುಗ್ಗಿದ ಹತ್ತಿ. ಪೌಡರು ಮೊದಲು ಅಂಬಲಿಯಂತೆ ಇಳಿಯಿತು. ಅದರ ಕೆಳಗಿನ ಜಿಡ್ಡು ಕಂಡಿತು, ಜಿಡ್ಡಿನ ಕೆಳಗೆ ಕೆಂಪು ಚರ್ಮ. ತಾನು ಕೊಟ್ಟ ಡಬ್ಬಿ ಡಾಕ್ಟರು ಹೇಳಿದ ಆ ಊರಿನ ಮೇಲೆ ಚಾವಣಿ ಹಾಕಿಕೊಟ್ಟಿತ್ತು, ಅಷ್ಟೆ. ಕಂಕುಳು, ತೊಡೆಸಂದು, ಬಾಲದ ಬುಡ, ಕಾಲ್ಬೆರಳುಗಳ ನಡುವೆ ಒಂದೊಂದಾಗಿ ಬೆರಳು ತೂರಿಸಿ ನೊರೆ ತಿಕ್ಕಿದಳು. ವಾಸನೆ ಎದ್ದು ಮುಖಕ್ಕೆ ಬಂತು. ಮುಖ ತಿರುಗಿಸಲಿಲ್ಲ. ಕೈ ಮಾತ್ರ ಎರಡು ನಿಮಿಷಕ್ಕೇ ತಾನಾಗಿ ಚೊಂಬಿನ ಕಡೆ ಹೋಯಿತು. ಅಂಗಡಿ ಕಲಿಸಿದ ಕೈ. ಆ ಕೈಯನ್ನು ನೋಡಿ ಅವಳಿಗೆ ಹೇಸಿಗೆಯಾಯಿತು.

"ಈಗ ಸ್ವಲ್ಪ ಹೊತ್ತು ಹೀಗೇ ಇರಬೇಕು," ಎಂದಳು. "ಕಥೆ ಹೇಳು. ಮೂಗಿನ ರಾಜಕುಮಾರೀದು. ಮೊದಲಿಂದ."

"ಕತ್ತೆ ವಯಸ್ಸಾಯ್ತು, ಕಥೆ ಬೇಕಂತೆ," ಎಂದಳು ಅಜ್ಜಿ. ಆದರೆ ಶುರುಮಾಡಿದಳು. ಅಡುಗೆಯವನು ಹೋದ, ಹತ್ತಿ ನಡುಗಿತು. ಮಂತ್ರಿ ಹೋದ, ಹತ್ತಿ ಅಜ್ಜಿಯ ಮಣಿಕಟ್ಟು ನೆಕ್ಕಲು ಹೋಗಿ ನೊರೆ ಮೂಗಿಗೆ ಅಂಟಿ ಸೀನಿತು. ಬಾಗಿಲು ಬಡಿದ ಸದ್ದು. ಅಣ್ಣ.

"ಎಷ್ಟು ಹೊತ್ತು ಇನ್ನೂ? ನಾಳೆ ಕಳಿಸೋ ನಾಯಿಗೆ ಇವತ್ತು ಸಿಂಗಾರ ಬೇರೆ!"

ಅಜ್ಜಿಯ ಕೈಗಳು ನೊರೆಯೊಳಗೆ ನಿಂತವು. "ಎಲ್ಲಿಗೆ ಕಳಿಸೋದು?"

"ಎಲ್ಲಿಗೂ ಇಲ್ಲ," ಎಂದು ಅವಳು ಬಾಗಿಲಿಗೆ ಹೇಳಿದಳು. "ವಾರಕ್ಕೆರಡು ಸಲ ನಾನೇ ತೊಳೀತೀನಿ, ವಾಸನೆ ಹೋಗುತ್ತೆ. ಇನ್ನೊಂದು ಕೇಳು. ನೀನು ಕಿಟಕಿ ತೆಗೆದಾಗೆಲ್ಲ ಅಜ್ಜಿ ಅದು ತನ್ನ ಮೈವಾಸನೆ ಅಂದ್ಕೊಂಡಿದಾಳೆ. ನಾಯಿ ಪೌಡರು ಬಳ್ಕೊಂಡು ಕೂತಿದಾಳೆ. ನಾನೂ ತಟ್ಟೆ ಎತ್ಕೊಂಡು ಹೋಗ್ತಿದ್ದೆ. ಈಗ ಹೋಗು."

ಚಪ್ಪಲಿಯ ಸದ್ದು ದೂರವಾಯಿತು. ಹಜಾರದಲ್ಲಿ ಕಿಟಕಿ ಮುಚ್ಚಿದ ಸದ್ದಾಯಿತು. ಇಷ್ಟು ಅಗ್ಗವಾಗಿ ಪ್ರಾಯಶ್ಚಿತ್ತವಾಗುತ್ತದೆ ಎಂದುಕೊಂಡಿದ್ದಾನಲ್ಲ ಎಂದು ಅವಳ ತುಟಿ ವಕ್ರವಾಯಿತು. ತನ್ನ ಕೈಯಲ್ಲಿದ್ದ ನೊರೆಯನ್ನು ನೋಡಿ ಅದು ನೆಟ್ಟಗಾಯಿತು.

"ನಿಜವಾಗ್ಲೂ ಹತ್ತೀದೇನಾ?" ಎಂದಳು ಅಜ್ಜಿ.

"ಕಥೆ ಹೇಳು. ದಾಯಿ ಹೋದಳು. ಆಮೇಲೆ?"

"ಆಮೇಲೆ ರಾಜ. ಹೆತ್ತ ಅಪ್ಪನ್ನೂ ಬಿಡಲಿಲ್ಲ ಮಹಾತಾಯಿ. ಖಾಲಿ ಅರಮನೇಲಿ ಒಬ್ಬಳೇ ಕೂತ್ಲು. ಬಾಗಿಲು ಹಾಕೋಕೂ ಒಂದಾಳಿಲ್ಲ, ರಾತ್ರಿಯೆಲ್ಲ ಥಂಡಿ ಗಾಳಿ. ಬೆಳಿಗ್ಗೆ ಅವಳಿಗೆ ನೆಗಡಿ ಬಂತು."

"ಆಮೇಲೆ?"

"ಆಮೇಲೇನು? ನೆಗಡಿ ಬಂದ್ಮೇಲೆ ಯಾರಿಗೆ ಯಾವ ವಾಸನೆ? ಎಲ್ಲರನ್ನೂ ವಾಪಸ್ ಕರೆಸಿಕೊಂಡ್ಲು. ಕಥೆ ಮುಗೀತು."

"ಅಷ್ಟೇನಾ?"

"ಅಷ್ಟೇ. ನೀನು ದಿನಾ ಮಲಗಿಬಿಡ್ತಿದ್ದೆ, ಯಾಕೆ ಉದ್ದ ಮಾಡ್ಲಿ?"

ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಕಿರೀಟಕ್ಕೆ ಕೊನೆಯಲ್ಲೊಂದು ನೆಗಡಿ. ನೊರೆಯ ಹೊತ್ತು ಆಗಿತ್ತು. ಅವಳು ನೀರು ಹೊಯ್ದಳು, ಮತ್ತೆ ಹೊಯ್ದಳು, ಇಳಿಯುವ ನೀರು ತಿಳಿಯಾಗುವವರೆಗೆ. ಟವೆಲಿನಲ್ಲಿ ಸುತ್ತಿ ಒತ್ತಿದಳು, ಕಿವಿಗಳನ್ನು ಒರೆಸಿದಳು, ಪಾದಗಳನ್ನು ಒಂದೊಂದಾಗಿ ಹಿಡಿದು ಬೆರಳ ಸಂದಿಗಳನ್ನು ಒಣಗಿಸತೊಡಗಿದಳು. ಅಜ್ಜಿ ರೂಢಿಯಂತೆ ಹತ್ತಿಯ ನೆತ್ತಿಗೆ ಮೂಗಿಟ್ಟು ಎಳೆದುಕೊಂಡು, ಏನೂ ಸಿಗದೆ, ಅದನ್ನು ಅವಳ ಮುಖದ ಬಳಿ ಎತ್ತಿ ಹಿಡಿದಳು.

"ಏನು ಬರ್ತಿದೆ?"

ಬ್ರೆಡ್ಡು ಇನ್ನೂ ಸ್ವಲ್ಪ ಇತ್ತು, ತಳದಲ್ಲಿ. ಅದನ್ನು ಹೇಳಿದಳು. "ಸ್ವಲ್ಪ ಉಳಿದಿದೆ. ಬುಧವಾರ ಮತ್ತೆ ತೊಳಿಬೇಕು. ಮಿಕ್ಕಿದ್ದು ಬರೀ ಒದ್ದೆ ನಾಯಿ."

ಅಜ್ಜಿ ನಾಯಿಯನ್ನು ಪಕ್ಕಕ್ಕೆ ಸರಿಸಿ, ಕುಪ್ಪಸದ ಕೊರಳನ್ನು ಬೆರಳಿಂದ ಸಡಿಲಿಸಿ ಕತ್ತು ಮುಂದೆ ಮಾಡಿದಳು. ಹತ್ತಿ ಡಾಕ್ಟರ ಮೇಜಿನ ಮೇಲೆ ಮಾಡಿದಂತೆ, ಕಣ್ಣು ಮುಚ್ಚಿ. "ಈಗ ನನ್ನ ನೋಡು. ಸುಳ್ಳು ಹೇಳ್ಬೇಡ."

ಅವಳು ಟವೆಲಿನ ಒಣ ತುದಿಯನ್ನು ನೀರಿಗದ್ದಿ ಕತ್ತಿನ ಬಿಳಿ ಗೆರೆಗಳನ್ನು ಒಂದೊಂದಾಗಿ ಒರೆಸಿದಳು, ಮೂಗು ಸುಕ್ಕಿಗೆ ತಾಗುವಷ್ಟು ಹತ್ತಿರ ತಂದಳು, ಉಸಿರನ್ನು ನಿಧಾನಕ್ಕೆ ಒಳಗೆಳೆದುಕೊಂಡಳು. ಸೋಪು ಇತ್ತು. ಬೆಚ್ಚಗೆ, ಒಣಗಿ ಮಡಿಸಿಟ್ಟ ಬಟ್ಟೆಯಂಥದು ಏನೋ ಇತ್ತು, ಅದಕ್ಕೆ ಹೆಸರಿರಲಿಲ್ಲ. ಅದನ್ನು ಮೂಸುತ್ತಲೇ ಚಿಕ್ಕಂದಿನಲ್ಲಿ ಅವಳು ದಿನವೂ ಕಥೆಯ ನಡುವೆ ನಿದ್ದೆ ಹೋಗುತ್ತಿದ್ದದ್ದು.

"ಏನೂ ಇಲ್ಲ," ಎಂದಳು. "ನೀನೇ."

ಆಮೇಲೆ ಬಗ್ಗಿ, ಹತ್ತಿಯ ಉಳಿದಿದ್ದ ಒಂದು ಪಾದವನ್ನು ಕೈಗೆ ತೆಗೆದುಕೊಂಡು, ಕೊನೆಯ ಸಂದಿಯನ್ನೂ ಒರೆಸಿ, ಟವೆಲನ್ನು ಹಿಂಡಿ ಗೂಟಕ್ಕೆ ಹಾಕಿದಳು.